ಬ್ಯಾಟರಿಗೆ ಹಚ್ಚಿದ ಕುಂಕುಮ

ನಾಗರಬಾವಿಯ ಕಲ್ಯಾಣ ಮಂಟಪವೊಂದರಲ್ಲಿ ವಯಸ್ಸಾದವರನ್ನು ಗೇಟಿನಿಂದ ಒಳಗೆ ಕರೆದೊಯ್ಯಲು ಒಂದು ಗಾಲ್ಫ್ ಕಾರ್ಟ್ ಇದೆ. ಆಯುಧಪೂಜೆಯಾದಾಗಿನಿಂದ ಅದು ಮೊಂಡು ಹಿಡಿದಿತ್ತು. ಒಂದು ಮದುವೆಯ ಬೆಳಿಗ್ಗೆ ಮಂಟಪದ ಮ್ಯಾನೇಜರ್ ನನ್ನ ಬ್ಯಾಟರಿ ಅಂಗಡಿಗೆ ಫೋನ್ ಮಾಡಿದರು: "ಸಾರ್, ಗಾಡಿ ನಿಂತೋಯ್ತು. ಹುಡುಗನ ಅಜ್ಜಿ ಬರೋ ಹೊತ್ತು. ಆರು ಹೊಸ ಬ್ಯಾಟರಿ ತಂದ್ಬಿಡಿ."

ಸಂತೋಷವಾಗಿಯೇ ಆಟೋಗೆ ಹೇರಿಕೊಂಡು ಹೋದೆ. ಮೀಟರ್ ಹಿಡಿದರೆ ಹಳೆಯವೆಲ್ಲ ಫುಲ್ ಚಾರ್ಜ್. ಆದರೆ ಟರ್ಮಿನಲ್‌ಗಳಲ್ಲಿ, ವೈರ್ ಕೂರುವ ಜಾಗದಲ್ಲೇ, ಅರಿಶಿನ ಕುಂಕುಮ ಗಟ್ಟಿಯಾಗಿ ಕೂತಿತ್ತು.

"ವೈರ್ ಬಿಚ್ಚಿ ಹಚ್ಚಿದ್ರಾ?"

"ಪೂಜೆನ ಮೇಲ್ಮೇಲೆ ಮಾಡೋಕಾಗುತ್ತಾ ಸಾರ್?"

ಎಲ್ಲವನ್ನೂ ಉಜ್ಜಿ, ವೈರ್ ಬಿಗಿ ಮಾಡಿದೆ. ಅಜ್ಜಿಯನ್ನು ಕೂರಿಸಿಕೊಂಡು ಗಾಡಿ ಒಳಗೆ ಹೋಗಿ ಬಂತು. ನನ್ನ ಆರು ಬ್ಯಾಟರಿ ಬಂದ ಆಟೋದಲ್ಲೇ ವಾಪಸ್ ಕೂತವು.

ಮ್ಯಾನೇಜರ್ ಖುಷಿಯಿಂದ ಕುಂಕುಮದ ಬಟ್ಟಲು ಹಿಡಿದು ಓಡಿಬಂದರು. ನಾನು ಬ್ಯಾಟರಿಗೆ ಅಡ್ಡ ನಿಂತು ಹಣೆ ಒಡ್ಡಿದೆ.