ಚಿಕ್ಕಮ್ಮ ಮತ್ತು ಬ್ಲೇಡಿನ ಗಾರ್ಡು

ಐಸ್ ಸ್ಕೇಟಿಂಗ್ ಕಲಿಸುವ ಚಿಕ್ಕಮ್ಮನಿಗೆ ಜಗತ್ತಿನಲ್ಲಿ ಹಗೆ ಅಂತಿದ್ದರೆ ಅದು ಸ್ಕೇಟಿನ ಬ್ಲೇಡಿಗೆ ತೊಡಿಸುವ ಪ್ಲಾಸ್ಟಿಕ್ ಗಾರ್ಡಿನ ಮೇಲೆ. ಹರೆಯದಲ್ಲಿ, ರಾಷ್ಟ್ರೀಯ ತಂಡದ ಆಯ್ಕೆಯ ದಿನ, ಗಾಬರಿಯಲ್ಲಿ ಅದನ್ನು ತೆಗೆಯದೆ ಮಂಜುಗಡ್ಡೆಗೆ ಕಾಲಿಟ್ಟು ತೀರ್ಪುಗಾರರ ಎದುರೇ ಅಂಗಾತ ಬಿದ್ದವಳು ಆಕೆ. ಅಂದಿನಿಂದ ಶಿಷ್ಯೆಯರ ಗಾರ್ಡನ್ನೆಲ್ಲ ತಾನೇ ಕೈಯಾರೆ ತೆಗೆಯುತ್ತಾಳೆ. "ಹೆದರಿಕೆ ಅನ್ನೋದೆಲ್ಲ ಬರೀ ಭ್ರಮೆ ಕಣ್ರೇ" ಎಂಬ ಉಪದೇಶ ಬೇರೆ.

ಈ ಸಲ ಆಯ್ಕೆಗೆ ನಿಂತವಳು ಅಕ್ಕನ ಮಗಳು. ಹುಡುಗಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಆರಾಮಾಗಿ ಬಾಳೆಹಣ್ಣು ತಿನ್ನುತ್ತಿದ್ದಳು. ಬಾಯಿ ಒಣಗಿದ್ದು ಚಿಕ್ಕಮ್ಮನಿಗೆ. ಎಲ್ಲಿ ಮರೆತುಹೋಗುತ್ತದೋ ಎಂದು ಅಲ್ಲೇ ಅವಳ ಸ್ಕೇಟಿನ ಗಾರ್ಡು ಕಿತ್ತು, ಲಾಕರಿಗೆ ಹಾಕಿ ಬೀಗ ಜಡಿದಳು. ಬೀಗದ ಕೈ ಎಲ್ಲಿಟ್ಟಳೋ, ದೇವರಾಣೆಗೂ ನೆನಪಿಲ್ಲ.

"ಚಿಕ್ಕಮ್ಮಾ, ಇಲ್ಲಿಂದ ರಿಂಕ್‌ವರೆಗೂ ಸಿಮೆಂಟ್ ನೆಲ! ಬರೀ ಬ್ಲೇಡಲ್ಲಿ ನಡೆದ್ರೆ ಮೊಂಡಾಗಲ್ವಾ?"

ಅಷ್ಟರಲ್ಲಿ ಮೈಕಿನಲ್ಲಿ ಹುಡುಗಿಯನ್ನು ಕೂಗಿದರು. ಚಿಕ್ಕಮ್ಮ ಬೆನ್ನು ಬಗ್ಗಿಸಿದಳು. ಮಿಂಚುವ ಉಡುಪಿನ ಹುಡುಗಿಯನ್ನು ಉಪ್ಪುಮೂಟೆ ಹೊತ್ತು, ನೋಡುವವರ ನಡುವೆ ಏದುಸಿರು ಬಿಡುತ್ತ ಓಡಿದಳು.

"ನಿನ್ನ ಎದೆ ಡವಡವ ಅಂತಿದೆ, ಚಿಕ್ಕಮ್ಮ."

"ಸುಮ್ನಿರೇ, ಅದು ನಿಂದೇ."

ನಗುತ್ತಲೇ ಮಂಜಿಗಿಳಿದ ಹುಡುಗಿ ಒಂದು ಜಿಗಿತವೂ ತಪ್ಪದಂತೆ ಸ್ಕೇಟ್ ಮಾಡಿ, ತಂಡ ಸೇರಿದಳು.

"ಸ್ಪರ್ಧೆಗೆ ನಿನ್ನ ಜೊತೆ ಯಾರು ಬರ್ತಾರಮ್ಮ?" ಎಂದು ಆಯ್ಕೆ ಸಮಿತಿಯ ಹಿರಿಯರು ಕೇಳಿದರು.

"ಚಿಕ್ಕಮ್ಮ, ಸರ್."

"ಕೋಚ್ ಅಂತ ತಾನೆ?"

"ಅಲ್ಲ ಸರ್, ಗಾಡಿ ಅಂತ."