ಪ್ರಭಾವತಿಯವರ ಟ್ರಕ್ಕು ಬಲಕ್ಕೆ ಹೊರಳಿದ್ದು

ಕೇಳಿರಿ, ಸಜ್ಜನರೇ. ಬೆಂಗೇರಿಯ ಪ್ರಭಾವತಿಯವರು ಸರ್ಕಾರಿ ಕಚೇರಿಯ ನಿವೃತ್ತ ಗುಮಾಸ್ತೆ. ರಿಮೋಟಿನಿಂದ ಓಡುವ ಆಟಿಕೆ ಟ್ರಕ್ಕೆಂದರೆ ಅವರಿಗೆ ಪ್ರಾಣ. ಆ ಟ್ರಕ್ಕು ಎಡಕ್ಕೆ ಪೂರ್ತಿ ಹೊರಳುತ್ತಿತ್ತು, ಬಲಕ್ಕೆ ಅರ್ಧವೇ. ಹೀಗಾಗಿ ಬಡಾವಣೆಯ ಪಂದ್ಯದಲ್ಲಿ ಎರಡು ವರ್ಷವೂ ಕೊನೆಯ ಬಲತಿರುವಿನಲ್ಲಿ ಸೋತರು.

ಮೂರನೆಯ ಪಂದ್ಯದ ಮುಂಜಾನೆ, ಎಡಕ್ಕೆ ಎಳೆಯುತ್ತಿದ್ದ ಟ್ರಕ್ಕು ನೇರ ಓಡಲೆಂದು ಅವರು ರಿಮೋಟಿನ ಓರೆ ತಿದ್ದುವ ಗುಂಡಿಯನ್ನು ಮತ್ತೂ ಒಂದಿಷ್ಟು ಬಲಕ್ಕೆ ತಿರುವುತ್ತಿದ್ದಾಗ ತಮ್ಮ ಹುಲಗೇಶ ನಕ್ಕ.

"ಅಕ್ಕಾ, ತಿದ್ದಿದ್ದರ ಮ್ಯಾಲೆ ಮತ್ತ ತಿದ್ದಿದ ಕಾಗದ ಬಂದರ ಆಫೀಸಿನ್ಯಾಗ ಹರದ ಒಗೀತಿದ್ದಿ. ಈಗ ನೀನ ಏನ್ ಮಾಡಾಕತ್ತಿ?"

"ಖರೇ ಅಂದಿ ನೋಡಪಾ. ಹೊಸಾ ಹಾಳಿ ತಗೋಬೇಕು."

ಬುದ್ಧನ ಪಟಕ್ಕೆ ಕೈಮುಗಿದು, ಗುಂಡಿಯನ್ನು ಸೊನ್ನೆಗೆ ತಂದರು. ಚಕ್ರ ಹೊರಳಿಸುವ ಪುಟ್ಟ ಮೋಟಾರಿನ ತೋಳು ಒಂದು ಹಲ್ಲಿನಷ್ಟು ಎಡಕ್ಕೆ ಓರೆಯಾಗಿ ಕೂತಿತ್ತು; ಆ ಓರೆಯನ್ನು ಗುಂಡಿಯಿಂದ ತಿದ್ದುವುದರಲ್ಲೇ ಬಲಕ್ಕೆ ಹೊರಳುವ ಅರ್ಧ ಪಾಲು ಮುಗಿಯುತ್ತಿತ್ತು. ಅದನ್ನು ಬಿಚ್ಚಿ ನಟ್ಟನಡುವೆ ಕೂರಿಸಿದರು. ಚಕ್ರಗಳು ನೇರವಾಗುವಂತೆ ತೋಳನ್ನು ಅವುಗಳಿಗೆ ಜೋಡಿಸುವ ಕಡ್ಡಿಯ ಉದ್ದವನ್ನು ಹೊಂದಿಸಿದರು.

ಅಂದು ಆ ತಿರುವಿನಲ್ಲಿ ಟ್ರಕ್ಕು ಪೂರ್ತಿ ಬಲಕ್ಕೆ ಹೊರಳಿ, ಎಲ್ಲರಿಗಿಂತ ಮೊದಲು ಗೆರೆ ದಾಟಿತು. ಹುಲಗೇಶನೇ ಮೊದಲು ಚಪ್ಪಾಳೆ ತಟ್ಟಿದನು. ಧನ್ಯ ಆ ಕೈಗಳು.

ಬಂಧುಗಳೇ, ನಿಮ್ಮ ನಡೆಯಲ್ಲೂ ಓರೆ ಕಂಡರೆ ಮೇಲೆಮೇಲೆ ತಿದ್ದುತ್ತ ಕೂರದಿರಿ; ಸೊನ್ನೆಗೆ ಮರಳಿ, ಬುಡವನ್ನೇ ಬಿಚ್ಚಿ ನೇರಮಾಡಿಕೊಳ್ಳಿರಿ.