ಮುನವಳ್ಳಿಯ ಬಾಯವ್ವ ಬೇರೆ ಗ್ರಹದಲ್ಲಿ ಸತ್ತದ್ದು

ಬಾಯವ್ವ ಹದಿನೆಂಟು ವರ್ಷ ನಾಟಕ ಕಂಪನಿಯಲ್ಲಿದ್ದಳು. ಹದಿನೆಂಟೂ ವರ್ಷ ದಾಸಿಯ ಪಾತ್ರವನ್ನೇ ಮಾಡಿದಳು. ರಾಣಿಗೆ ಗಾಳಿ ಬೀಸುವ ದಾಸಿ, ರಾಣಿಯ ಓಲೆ ಒಯ್ಯುವ ದಾಸಿ, ನಡುವೆ ಒಂದು ಹಂಗಾಮಿಗೆ ಬಡ್ತಿ ಸಿಕ್ಕಿ ರಾಣಿಯ ಅಡುಗೆಯವಳು. ನಗಿಸುವುದು ಅವಳ ಕೆಲಸ. ಬೈಲಹೊಂಗಲದಲ್ಲಿ ಕ್ಯಾಂಪು ಬಿದ್ದಾಗ ಅವಳು ಸುಮ್ಮನೆ ಸೆರಗು ಸರಿಮಾಡಿಕೊಂಡರೂ ಹಿಂದಿನ ಬೆಂಚಿನವರು ಸೀಟಿ ಹೊಡೆಯುತ್ತಿದ್ದರು. ಆದರೆ ಕೊನೆಯ ಅಂಕದಲ್ಲಿ ರಾಣಿ ವಿಷ ಕುಡಿದು ಹತ್ತು ನಿಮಿಷ ಹಾಡುತ್ತ ಸಾಯುವಾಗ ಬಾಯವ್ವ ಪರದೆಯ ಹಿಂದೆ ಕೂತು ಎಲ್ಲರಿಗೂ ಚಹಾ ಸೋಸಬೇಕಾಗಿತ್ತು.

"ನಗಸಾಕಿಗೆ ಸಾಯೂ ಹಕ್ಕಿಲ್ಲೇನ್ರಿ?" ಎಂದು ಒಮ್ಮೆ ಮಾಲಕರನ್ನು ಕೇಳಿದಳು.

"ನೀ ಸತ್ರ ಜನಾ ಹೊಟ್ಟಿ ಹುಣ್ಣಾಗೂ ಹಂಗ ನಗತಾರ, ಬಾಯವ್ವ. ನಾಟಕಾ ಕೆಡತೈತಿ," ಎಂದರು ಮಾಲಕರು.

ಕಂಪನಿ ಮುಚ್ಚಿದ ಮೇಲೆ ಅವಳು ಮುನವಳ್ಳಿಗೆ ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ಇಟ್ಟಳು. ಸೊಸೆ ಅನ್ನಪೂರ್ಣಾ ರೊಟ್ಟಿ ಬಡಿಯುವಳು, ಬಾಯವ್ವ ಬಡಿಸುವಳು. ಬಡಿಸುತ್ತ ಬಡಿಸುತ್ತ ಉಣ್ಣುವವರ ನಡಿಗೆ, ಕೆಮ್ಮು, ಸಿಟ್ಟು ಎಲ್ಲವನ್ನೂ ಅವರ ಮುಂದೆಯೇ ಆಡಿ ತೋರಿಸುವಳು. ಊಟಕ್ಕೆ ಬರುವವರಲ್ಲಿ ಅರ್ಧ ಜನ ಅದಕ್ಕೇ ಬರುತ್ತಿದ್ದರು.

ತೊಂಬತ್ತೈದನೆಯ ಇಸವಿಯ ಚಳಿಗಾಲದಲ್ಲಿ ಬೆಂಗಳೂರಿನಿಂದ ಒಂದು ತಂಡ ಊರ ಹತ್ತಿರದ ನವಿಲುತೀರ್ಥ ಡ್ಯಾಮಿಗೆ ಬಂತು. ಟೀವಿಗೆ 'ಮೂರು ಸೂರ್ಯರ ನಾಡು' ಎಂಬ ಧಾರಾವಾಹಿ. ಭೂಮಿಯ ಕ್ಯಾಪ್ಟನ್ ಒಬ್ಬ ಆಕಾಶನೌಕೆಯಲ್ಲಿ ಬೇರೆ ಗ್ರಹಕ್ಕೆ ಹೋಗುವ ಕತೆ. ಡ್ಯಾಮಿನ ಕೆಳಗಿನ ಕೆಂಪು ಬಂಡೆಗಳೇ ಆ ಗ್ರಹ. ನಿರ್ದೇಶಕ ತ್ರ್ಯಂಬಕರಾಯರು ತೆಳ್ಳಗೆ, ಸದಾ ಗಾಬರಿಯಲ್ಲಿರುವ ಮನುಷ್ಯ. ಕ್ಯಾಪ್ಟನ್ ಪಾತ್ರದ ಸುಮೇಧನಿಗೆ ಮೂವತ್ತೆರಡು ವಯಸ್ಸು, ತಲೆಯ ಮೇಲೆ ತನ್ನದಲ್ಲದ ಗುಂಗುರು ಕೂದಲು. ಐವತ್ತು ಜನರ ಊಟ ಬಾಯವ್ವನ ಖಾನಾವಳಿಯಿಂದಲೇ ಹೋಗುತ್ತಿತ್ತು.

ನಾಲ್ಕನೆಯ ದಿನ ಕಷ್ಟ ಬಂತು. ಗ್ರಹದ ಹಿರಿಯಳ ಪಾತ್ರಕ್ಕೆ ಬಂದಿದ್ದ ನಟಿಯ ಮುಖ ನೀಲಿ ಬಣ್ಣ ತಾಗಿ ಬಾತುಕೊಂಡಿತು. ಆಕೆ ಅಳುತ್ತ ಬಸ್ಸು ಹತ್ತಿದಳು. ತ್ರ್ಯಂಬಕರಾಯರು ತಲೆಯ ಮೇಲೆ ಕೈಹೊತ್ತು ಕೂತಾಗ ಬಾಯವ್ವ ಬುಟ್ಟಿ ಇಳಿಸುತ್ತಿದ್ದಳು.

"ಮುಖಕ್ಕ ಬಣ್ಣಾ ಹಚ್ಚೂದ ನನಗೇನ ಹೊಸಾದಲ್ಲರಿ ಸಾಹೇಬ್ರ," ಎಂದಳು. "ಏನ ಮಾಡಬೇಕ್ರಿ ಆಕಿ?"

"ಏನಿಲ್ಲಮ್ಮ. ನಿಂತ್ಕೋಬೇಕು. ಕ್ಯಾಪ್ಟನ್‌ಗೆ ಆಶೀರ್ವಾದ ಮಾಡಬೇಕು. ಹನ್ನೊಂದನೇ ಕಂತಿನಲ್ಲಿ ಸಾಯಬೇಕು."

ಸಾಯಬೇಕು ಎಂದದ್ದೇ ತಡ, ಬಾಯವ್ವ ಬುಟ್ಟಿಯನ್ನು ಅಲ್ಲೇ ಬಿಟ್ಟು ಮೇಕಪ್ ಕುರ್ಚಿಯಲ್ಲಿ ಕೂತಳು.

ಮುಖಕ್ಕೆ ನೀಲಿ ಬಳಿದರು. ಹಣೆಗೆ ಮೂರನೆಯ ಕಣ್ಣೆಂದು ಒಂದು ಗಾಜಿನ ಗೋಲಿ ಅಂಟಿಸಿದರು. ತಲೆಗೆ ಕಿರೀಟವೆಂದು ಬೆಳ್ಳಿ ಬಣ್ಣ ಹಚ್ಚಿದ ಜರಡಿ. ಅನ್ನಪೂರ್ಣಾ ನೋಡಿ, "ಅತ್ತಿ, ನಮ್ಮ ಹಿಟ್ಟಿನ ಜರಡಿ ಎಲ್ಲಿ ಹೋತು ಅಂತ ಎರಡ ದಿನಾತು ಹುಡಕಾಕ ಹತ್ತೇನಿ!" ಎಂದಳು.

ಈಗ ಮಾತಿನ ಪ್ರಶ್ನೆ. ಬೇರೆ ಗ್ರಹದವರು ಯಾವ ಭಾಷೆಯಲ್ಲಿ ಆಶೀರ್ವಾದ ಮಾಡುತ್ತಾರೆ? ಬರೆದವರು ಅಲ್ಲಿ 'ವಿಚಿತ್ರ ಭಾಷೆ' ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರು. "ಏನಾದರೂ ಹೇಳಮ್ಮ, ಅರ್ಥ ಆಗಬಾರದು ಅಷ್ಟೆ," ಎಂದರು ತ್ರ್ಯಂಬಕರಾಯರು.

ಮಲಪ್ರಭೆಯ ದಂಡೆಯ ಊರುಗಳಲ್ಲಿ ಹೆಣ್ಣುಮಕ್ಕಳಿಗೆ ಒಂದು ಉಲ್ಟಾ ಮಾತಿತ್ತು. ಶಬ್ದದ ಅಕ್ಷರಗಳನ್ನು ಹಿಂದುಮುಂದು ಮಾಡಿ ಆಡುವುದು. 'ನೀರು' ಎಂದರೆ 'ರುನೀ', 'ಹಾಲು' ಎಂದರೆ 'ಲುಹಾ'. ಅತ್ತೆಯ ಮುಂದೆ ಕೂತು ಅತ್ತೆಯನ್ನೇ ಬೈಯಲು ಸೊಸೆಯಂದಿರು ಮಾಡಿಕೊಂಡ ಅನುಕೂಲ ಅದು. ಗಂಡಸರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ.

ಕ್ಯಾಮೆರಾ ತಿರುಗಿತು. ಸುಮೇಧ ಮಂಡಿಯೂರಿ ತಲೆ ಬಗ್ಗಿಸಿದ. ಬಾಯವ್ವ ಕಣ್ಣು ಅರೆಮುಚ್ಚಿ, ಕೈಯನ್ನು ಅವನ ನೆತ್ತಿಯ ಮೇಲೆ ಹಿಡಿದು, ಮಠದ ಸ್ವಾಮಿಗಳ ಗಾಂಭೀರ್ಯದಲ್ಲಿ ನುಡಿದಳು:

"ಲಾದಕೂ ತಿರೇಜಾ!"

ಕೂದಲಾ ಜಾರೇತಿ.

ಬಂಡೆಯ ಹಿಂದೆ ಪಾತ್ರೆ ತಿಕ್ಕುತ್ತಿದ್ದ ಅನ್ನಪೂರ್ಣಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ತ್ರ್ಯಂಬಕರಾಯರಿಗೆ ಮೈ ಜುಮ್ಮೆಂದಿತು. "ಅದ್ಭುತ! ಇನ್ನಷ್ಟು ಹೇಳಿ!"

ಇನ್ನಷ್ಟು ಹೇಳಲು ಬಾಯವ್ವನಿಗೇನು ಕಷ್ಟ? ದಿನಾ ಖಾನಾವಳಿಗೆ ಹಾಲು ಹಾಕುವ ಮಾಳಪ್ಪನನ್ನು ನೆನೆದು, ಮೂರು ಸೂರ್ಯರ ಕಡೆ ಕೈಯೆತ್ತಿ, "ರುನೀ ದಕಿಹಾ ಲುಹಾ!" ಎಂದಳು. ನೀರು ಹಾಕಿದ ಹಾಲು.

ಹೀಗೆ ಒಂದು ವಾರ ನಡೆಯಿತು. ಯುದ್ಧದ ಎಚ್ಚರಿಕೆ ಎಂದು ಊರ ಚೇರ್ಮನ್ನರ ಗೊರಕೆಯ ಸುದ್ದಿ ಹೇಳಿದಳು. ಗ್ರಹದ ಇತಿಹಾಸ ಎಂದು ಬದನೆಕಾಯಿ ಎಣಗಾಯಿ ಮಾಡುವ ಬಗೆ ಹೇಳಿದಳು. ಸಾಯುವ ದೃಶ್ಯವನ್ನು ಮುಂದಿನ ಸಲ ತೆಗೆಯುತ್ತೇವೆಂದು ತಂಡ ಬೆಂಗಳೂರಿಗೆ ಹೋಯಿತು.

ಏಪ್ರಿಲ್ ತಿಂಗಳು, ಭಾನುವಾರ ಮುಂಜಾನೆ ಧಾರಾವಾಹಿ ಶುರುವಾಯಿತು. ಬಾಯವ್ವ ಬಂದ ಮೊದಲ ಕಂತು ಮುಗಿಯುವುದರೊಳಗೆ ಸವದತ್ತಿಯಿಂದ ರಾಮದುರ್ಗದ ತನಕ ಟೀವಿ ಇದ್ದ ಮನೆಗಳಲ್ಲೆಲ್ಲ ಒಂದೇ ಕತೆ. ಹೆಂಗಸರು ನೆಲಕ್ಕೆ ಬಿದ್ದು ಬಿದ್ದು ನಗುವುದು, ಗಂಡಸರು ಪಿಳಿಪಿಳಿ ನೋಡುವುದು. "ಏನಾತ? ಆ ಮುದುಕಿ ಮಂತ್ರಾ ಹೇಳಿದ್ರ ನಗತಾರೇನ?" ಎಂದು ಕೇಳಿದ ಗಂಡಂದಿರಿಗೆ ಉತ್ತರ ಸಿಗಲಿಲ್ಲ. ಮರುದಿನ ಹಾಲು ಹಾಕಲು ಹೋದ ಮಾಳಪ್ಪನಿಗೆ ಮನೆಮನೆಯ ಬಾಗಿಲಲ್ಲೂ ಕೈಯೆತ್ತಿದ ಹೆಂಗಸರು "ರುನೀ ದಕಿಹಾ ಲುಹಾ" ಎಂದು ಆಶೀರ್ವಾದ ಮಾಡಿದರು. ಅವನು ಕೃತಜ್ಞತೆಯಿಂದ ಕೈಮುಗಿದ.

ಅತ್ತ ತ್ರ್ಯಂಬಕರಾಯರು ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟರು. ಗ್ರಹದ ಭಾಷೆಯನ್ನು ತಾವೇ, ಪ್ರಾಚೀನ ಭಾಷೆಗಳನ್ನು ಎರಡು ವರ್ಷ ಅಭ್ಯಾಸ ಮಾಡಿ, ರಚಿಸಿದ್ದಾಗಿ ಹೇಳಿಕೊಂಡರು. ಅದು ಅಚ್ಚಾದ ಭಾನುವಾರವೇ ಅವರ ಮನೆಗೆ ಅತ್ತೆ ಬಂದಿದ್ದರು. ಅತ್ತೆ ಭಾಗೀರಥಿಬಾಯಿ ರಾಮದುರ್ಗದವರು. ಅಳಿಯನ ಮನೆಯಲ್ಲಿ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ನಕ್ಕವರಲ್ಲ. ಬಾಯವ್ವ ಟೀವಿಯಲ್ಲಿ ಕೈಯೆತ್ತಿದ್ದೇ ಅವರು ಕುರ್ಚಿಯ ಕೈ ಹಿಡಿದುಕೊಂಡು ಅಲುಗಾಡತೊಡಗಿದರು. ಅಳಿಯ ಹೆದರಿ ನೀರು ತಂದ.

"ಇದನ್ನ ನೀವ ಬರದದ್ದಂತಲ್ಲ?" ಎಂದರು ಭಾಗೀರಥಿಬಾಯಿ, ಕಣ್ಣೊರೆಸಿಕೊಳ್ಳುತ್ತ. "ಎರಡ ವರ್ಷ ಅಭ್ಯಾಸ ಮಾಡಿ?"

ಆಮೇಲೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು. ತ್ರ್ಯಂಬಕರಾಯರು ತಂದ ನೀರನ್ನು ತಾವೇ ಕುಡಿದರು.

ಜೂನ್ ತಿಂಗಳಲ್ಲಿ ತಂಡ ಮತ್ತೆ ಬಂತು. ತ್ರ್ಯಂಬಕರಾಯರು ನೆಟ್ಟಗೆ ಖಾನಾವಳಿಗೆ ನುಗ್ಗಿದರು.

"ಏನಮ್ಮ ಇದು! ನನ್ನ ಮಾನ ಕಳೆದಿರಲ್ಲ! ಎಣಗಾಯಿ! ಗ್ರಹದ ಇತಿಹಾಸ ಅಂತ ಎಣಗಾಯಿ!"

"ಕುಂತ್ಕೋರಿ ಸಾಹೇಬ್ರ," ಎಂದಳು ಬಾಯವ್ವ. "ಅರ್ಥ ಆಗಬಾರದು ಅಂದ್ರಿ. ನಿಮಗ ಆಗಿತ್ತೇನ್ರಿ?"

"ಇಲ್ಲ."

"ಮತ್ತ?"

ಅವರು ಕೂತರು, ಎರಡು ರೊಟ್ಟಿ ತಿಂದರು. ಸುದ್ದಿ ಹೊರಬಿದ್ದರೆ ಮೊದಲು ಹೋಗುವುದು ತಮ್ಮ ಮಾನವೇ ಎಂದು ಅವರಿಗೆ ಗೊತ್ತಿತ್ತು. ಅತ್ತೆ ಈಗ ವಾರಕ್ಕೊಮ್ಮೆ ಅಳಿಯನಿಗೆ ಫೋನು ಮಾಡಿ, ಮುಂದಿನ ಕಂತಿನಲ್ಲಿ ಮುದುಕಿ ಇದ್ದಾಳೋ ಇಲ್ಲವೋ ಎಂದು ವಿಚಾರಿಸುತ್ತಿದ್ದರು ಎಂಬುದೂ ಇತ್ತು.

ಆದರೆ ಸುಮೇಧನಿಗೆ ಏನೂ ಗೊತ್ತಿರಲಿಲ್ಲ. ಅವನು ಸವದತ್ತಿಯಲ್ಲಿ ಕಾರಿನಿಂದ ಇಳಿದಾಗ ಕಾಲೇಜು ಹುಡುಗಿಯರ ಗುಂಪು "ಲಾದಕೂ ತಿರೇಜಾ!" ಎಂದು ಕೂಗಿತ್ತು. ಅಭಿಮಾನಿಗಳ ಜಯಘೋಷವೆಂದು ಅವನೂ ಕೈಬೀಸಿ ಅದನ್ನೇ ಕೂಗಿದ. ಹಸ್ತಾಕ್ಷರ ಕೇಳಿದವರಿಗೆ ಹೆಸರಿನ ಕೆಳಗೆ ಅದನ್ನೇ ಬರೆದುಕೊಟ್ಟ.

ಹನ್ನೊಂದನೆಯ ಕಂತಿನ ಚಿತ್ರೀಕರಣದ ದಿನ ಬಾಯವ್ವ ಬೆಳಗ್ಗೆಯೇ ತಲೆಗೆ ಸ್ನಾನ ಮಾಡಿದಳು. ಹದಿನೆಂಟು ವರ್ಷ ಪರದೆಯ ಹಿಂದಿನಿಂದ ಅವಳು ಎಷ್ಟು ರಾಣಿಯರ ಸಾವು ಕಂಡಿರಲಿಲ್ಲ! ಯಾವಳು ಎಲ್ಲಿ ಉಸಿರು ಹಿಡಿದಳು, ಯಾವಳು ಕಣ್ಣು ಎಷ್ಟು ಬೇಗ ಮುಚ್ಚಿ ಕೆಡಿಸಿದಳು, ಎಲ್ಲ ಬಾಯಿಪಾಠ. ಕ್ಯಾಪ್ಟನ್‌ಗೆ ಬಿಟ್ಟ ಬಾಣಕ್ಕೆ ಅಡ್ಡ ಬಂದು ಹಿರಿಯಳು ಸಾಯುತ್ತಾಳೆ, ಅವನ ತೋಳಿನಲ್ಲಿ. ಅಷ್ಟೇ ದೃಶ್ಯ.

ಆಗ ಸುಮೇಧ ಬಾಯಿ ಹಾಕಿದ. "ಸರ್, ಸಾಯುವಾಗ ಆಕೆ ನನ್ನ ತಲೆ ಮುಟ್ಟಿ 'ಲಾದಕೂ ತಿರೇಜಾ' ಅನ್ನಲೇಬೇಕು. ಈ ಕಡೆ ಜನ ಅದಕ್ಕೆ ಹುಚ್ಚಾಗಿದ್ದಾರೆ."

ತ್ರ್ಯಂಬಕರಾಯರು ಬೆವತರು. ಚಿತ್ರೀಕರಣ ನೋಡಲು ಬಂದಿದ್ದ ನಿರ್ಮಾಪಕರು ಭೇಷ್ ಎಂದರು. ಬಾಯವ್ವ ಲೆಕ್ಕ ಹಾಕಿದಳು. ಆ ಮಾತು ಬಾಯಿಂದ ಬಂದರೆ ನಾಲ್ಕು ತಾಲೂಕಿನ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುವವರೇ. ಕಂಪನಿ ಮಾಲಕರ ಮಾತು ನಿಜವಾಗುತ್ತದೆ, ಅದೂ ತನ್ನದೇ ಕಿತಾಪತಿಯಿಂದ.

ಅವಳು ಸುಮೇಧನನ್ನು ಬಂಡೆಯ ಮರೆಗೆ ಕರೆದಳು.

"ತಮ್ಮಾ, ನಿನಗೊಂದ ಮಾತ ಹೇಳತೇನಿ. ಸಿಟ್ಟಿಗೇಳಬ್ಯಾಡ. ಲಾದಕೂ ಅಂದ್ರ ಕೂದಲಾ. ತಿರೇಜಾ ಅಂದ್ರ ಜಾರೇತಿ."

ಸುಮೇಧ ಮೊದಲು ನಕ್ಕ. ಆಮೇಲೆ ನಗು ನಿಂತಿತು. ಕಾಲೇಜು ಹುಡುಗಿಯರು, ಹಸ್ತಾಕ್ಷರಗಳು, ಕೈಬೀಸಿದ್ದು ಒಂದೊಂದೇ ನೆನಪಾಗಿ ಮುಖ ಮೇಕಪ್ಪಿನ ಕೆಳಗೂ ಕೆಂಪಾಯಿತು. ಬೈಯುತ್ತಾನೆಂದು ಬಾಯವ್ವ ಕಾದಳು. ಅವನು ಮೆಲ್ಲಗೆ ತಲೆ ಮುಟ್ಟಿಕೊಂಡ.

"ಈಗಲೂ ಜಾರಿದೆಯಾ, ಅಮ್ಮ?"

"ಎಡಕ್ಕ ಒಂದಿಷ್ಟ."

"ಇಪ್ಪತ್ತಾರಕ್ಕೇ ಎಲ್ಲ ಉದುರಿ ಹೋಯ್ತು. ಯಾರೂ ನನಗೆ ಹೇಳೋದಿಲ್ಲ. ಹಿಂದೆ ನಗ್ತಾರೆ."

ಬಾಯವ್ವನಿಗೆ ಕೆಡುಕೆನಿಸಿತು. ಬೆನ್ನ ಹಿಂದಿನ ನಗು ಹೇಗಿರುತ್ತದೆ ಎಂದು ನಗಿಸುವವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ತನ್ನ ತುರುಬಿನಿಂದ ಮೂರು ಪಿನ್ನು ಕಿತ್ತು, ಅವನ ಗುಂಗುರು ಕೂದಲನ್ನು ಬಿಗಿಯಾಗಿ ಕೂಡಿಸಿದಳು. "ಇನ್ನ ಬಿರಗಾಳಿ ಬಂದ್ರೂ ಹಾರೂದಿಲ್ಲ. ನಾಟಕದೊಳಗ ರಾಜಾಗೋಳಿಗೆಲ್ಲಾ ನಾನ ಹಾಕತಿದ್ದೆ," ಎಂದಳು. ನಂತರ ತನ್ನ ಅಹವಾಲು ಹೇಳಿದಳು. "ನನಗ ಒಂದ ಸಲಾ ನೆಟ್ಟಗ ಸಾಯಾಕ ಬಿಡಪಾ."

ಸುಮೇಧ ಹೊರಗೆ ಹೋಗಿ, "ಸರ್, ಆ ಮಾತು ಬೇಡ. ಆಕೆಗೆ ಬಿಟ್ಟುಬಿಡಿ," ಎಂದ.

ಬಾಣ ತಾಗಿತು. ಬಾಯವ್ವ ಕಿರುಚಲಿಲ್ಲ, ಒದ್ದಾಡಲಿಲ್ಲ. ಕಾಲು ಸೋತವಳಂತೆ ನಿಧಾನವಾಗಿ ಕುಸಿದಳು. ಅವನ ತೋಳಿನಲ್ಲಿ ಒರಗಿ, ಡ್ಯಾಮಿನ ಕಡೆಯೋ ಆಕಾಶದ ಕಡೆಯೋ ಸ್ವಲ್ಪ ಹೊತ್ತು ನೋಡಿದಳು. ಬಾಗಿಲಲ್ಲಿ ನಿಂತು ಮನೆಯವರಿಗೆ ಹೇಳುವ ದನಿಯಲ್ಲಿ ಒಂದೇ ಮಾತಂದಳು:

"ನಿತೇರಬ."

ಬರತೇನಿ.

ಕಟ್ ಎನ್ನುವುದು ತ್ರ್ಯಂಬಕರಾಯರಿಗೆ ಮರೆತುಹೋಗಿತ್ತು. ಬಾಯವ್ವನೇ ಒಂದು ಕಣ್ಣು ತೆರೆದು, "ಮುಗೀತೇನ್ರಿ? ಸೊಂಟಾ ಹಿಡಿಯಾಕ ಹತ್ತೇತಿ," ಎಂದಳು.

ಅದು ಟೀವಿಯಲ್ಲಿ ಬಂದ ಭಾನುವಾರ ಖಾನಾವಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ನಗಲು ಸಜ್ಜಾಗಿಯೇ ಬಂದಿದ್ದರು. ಮೂಲೆಯಲ್ಲಿ ನಿಂತ ಬಾಯವ್ವ ಟೀವಿ ನೋಡಲೇ ಇಲ್ಲ, ಅವರ ಮುಖಗಳನ್ನೇ ನೋಡುತ್ತಿದ್ದಳು. ಅವಳು ಕುಸಿದಾಗ ಒಂದಿಬ್ಬರು ಕಿಸಕ್ಕೆಂದರು. 'ನಿತೇರಬ' ಎಂದಾಗ ಕಿಸಕ್ಕೆಂದವರೂ ಮುಂದಕ್ಕೆ ಬಾಗಿದರು. ಅನ್ನಪೂರ್ಣಾ ಮೊದಲು ಅತ್ತಳು. ಆಮೇಲೆ ಸಾಲುಸಾಲಾಗಿ ಸೆರಗುಗಳು ಕಣ್ಣಿಗೆ ಹೋದವು. ಗಂಡಸರು ಮತ್ತೆ ಪಿಳಿಪಿಳಿ. "ಈಗ್ಯಾಕ ಅಳತೀರಿ? ಆ ಮುದುಕಿ ಅಲ್ಲೇ ನಿಂತಾಳಲ್ಲ!" ಎಂದ ಮಾಳಪ್ಪ.

"ಸುಮ್ನಿರ್ರಿ, ನಾ ಸತ್ತೇನಿ!" ಎಂದು ಬಾಯವ್ವ ಗದರಿಸಿದಳು.

ಆಮೇಲಿನ ಕತೆ ಸ್ವಲ್ಪ ಇದೆ. ಎರಡು ಸಾವಿರದ ಮೂರರಲ್ಲಿ ಬಾಯವ್ವ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದಳು. ಕಂಪನಿಯ ಕಾಗದಪತ್ರಗಳೆಲ್ಲ ಗೆದ್ದಲು ತಿಂದಿದ್ದವು. ಉಳಿದ ಪುರಾವೆ ಸುಮೇಧ ಕಳಿಸಿದ್ದ ಒಂದು ಫೋಟೋ ಮಾತ್ರ. ಧಾರಾವಾಹಿಯ ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಅವಳು 'ಹಾಗೂ ಇತರರು' ಎಂಬುದರೊಳಗೆ ಸೇರಿಹೋಗಿದ್ದಳು. ಬೆಳಗಾವಿಯ ಕಚೇರಿಯಲ್ಲಿ ಗುಮಾಸ್ತ ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿದ. ನೀಲಿ ಮುಖ, ಮೂರು ಕಣ್ಣು, ತಲೆಯ ಮೇಲೆ ಜರಡಿ.

"ಇದು ನೀವ ಅಂತ ಹೆಂಗ ನಂಬೂದ್ರಿ, ಅಜ್ಜಿ? ಸಾಕ್ಷಿ ಬೇಕು."

ಮುಂದಿನ ಸೋಮವಾರ ಮುನವಳ್ಳಿಯಿಂದ ಹದಿನಾಲ್ಕು ಹೆಂಗಸರು ರೊಟ್ಟಿಗಂಟು ಕಟ್ಟಿಕೊಂಡು ಮೊದಲ ಬಸ್ಸಿಗೆ ಬೆಳಗಾವಿಗೆ ಹೋದರು. ಕಚೇರಿಯ ತುಂಬ ಕೂತು, ಬಾಯವ್ವ ಹೇಗೆ ಸತ್ತಳೆಂದು ಒಬ್ಬೊಬ್ಬರೂ ಒಂದೊಂದು ರೀತಿ ವಿವರಿಸತೊಡಗಿದರು. ಎದೆಗೆ ಬಾಣ ಬಿತ್ತೆಂದು ಒಬ್ಬಳು, ಹೊಟ್ಟೆಗೆ ಬಿತ್ತೆಂದು ಇನ್ನೊಬ್ಬಳು. ಇಬ್ಬರಿಗೂ ಜಗಳವೇ ಹತ್ತಿತು. ಊಟದ ಹೊತ್ತಿಗೆ ಗುಮಾಸ್ತ ಕೈಮುಗಿದು ಅರ್ಜಿ ತೆಗೆದುಕೊಂಡ. ಪಾತ್ರದ ಹೆಸರು ಬರೆಯುವ ಜಾಗದಲ್ಲಿ, ಮೂರು ಕಣ್ಣು ನೋಡಿ, ಮೇಲಿನ ಅಧಿಕಾರಿಗಳಿಗೆ ತಿಳಿಯಲು ಸುಲಭವಾಗಲೆಂದು ಅವನೇ 'ದೇವಿ' ಎಂದು ತುಂಬಿದ.

"ಅದನ್ನ ಹೊಡದ ಹಾಕ್ರಿ," ಎಂದಳು ಬಾಯವ್ವ. "ದೇವಿಗೋಳು ಸಾಯೂದಿಲ್ಲ. 'ಬೇರೆ ಗ್ರಹದ ಮುದುಕಿ' ಅಂತ ಬರೀರಿ."

ಆ ತಿದ್ದುಪಡಿಯಿಂದ ಅರ್ಜಿ ಎರಡು ಸಲ ವಾಪಸು ಬಂತು. ಎರಡು ಸಲವೂ ಅವಳು ಹಾಗೆಯೇ ಬರೆಸಿ ಕಳಿಸಿದಳು. ಮೂರನೆಯ ಸಲ ಮಂಜೂರಾಯಿತು.